ಹತ್ತಿಯ ಅಂಗಮಾರಿಯೂ ಹೆಸರಿನ ಹೊಣೆಯೂ

ಶಾಲೆಯ ಸ್ಮರಣ ಸಂಪುಟಕ್ಕೆ ಲೇಖನ ಬರೆಯುವವರು ಸಾಮಾನ್ಯವಾಗಿ ತಮ್ಮ ಗುರುಗಳನ್ನು ಸ್ಮರಿಸುತ್ತಾರೆ; ಇಲ್ಲವೆ ಸಂಸ್ಥೆ ಬೆಳೆದುಬಂದ ಬಗೆಯನ್ನು ವಿವರಿಸುತ್ತಾರೆ. ಅದು ಯೋಗ್ಯವೂ ಹೌದು. ಆದರೆ ವಿಜ್ಞಾನವನ್ನು ಕಲಿಸುವ ಶಾಲೆಯೊಂದರ ಸಂಪುಟದಲ್ಲಿ, ಕಲಿಸುವ ವಿಷಯದ ಬಗೆಗೂ ಒಂದೆರಡು ಮಾತು ಇರಬೇಕೆಂದು ನಮ್ಮ ಭಾವನೆ. ಅದಕ್ಕಾಗಿ ಇಲ್ಲಿ ಎತ್ತಿಕೊಂಡಿರುವುದು ಬರಿಗಣ್ಣಿಗೆ ಕಾಣದ ಜೀವಿಗಳ ನಾಮಕರಣದ ಪ್ರಶ್ನೆ. ಒಂದಕ್ಕೊಂದು ತೀರ ಹತ್ತಿರದ ಬಂಧುಗಳಾದ ಬ್ಯಾಕ್ಟೀರಿಯಾಗಳನ್ನು ಒಂದೇ ಹೆಸರಿನಿಂದ ಕರೆಯಬೇಕೆ, ಬೇರೆ ಬೇರೆ ಹೆಸರಿನಿಂದ ಕರೆಯಬೇಕೆ, ಕರೆದರೆ ಯಾವ ಆಧಾರದ ಮೇಲೆ ಕರೆಯಬೇಕು ಎಂಬುದೇ ಆ ಪ್ರಶ್ನೆ. ಇದು ಪಂಡಿತರಿಗೆ ಬಿಟ್ಟ ವಿಚಾರ, ನಮಗೇಕೆ ಎಂದು ವಾಚಕರಿಗೆ ಅನ್ನಿಸಬಹುದು. ಬಾಳೆಹೊಸೂರಿನ ಸುತ್ತಣ ಎರೆಹೊಲಗಳಲ್ಲಿ ಹತ್ತಿ ಬೆಳೆಯುವ ತನಕ ಇದು ನಮ್ಮ ವಿಚಾರವೂ ಹೌದು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹತ್ತಿಯ ಹೆಸರುಗಳನ್ನೇ ನೋಡೋಣ. ಹಿಂದಿನ ಕಾಲದಲ್ಲಿ ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬೆಳೆದ ದೇಶಿ ಹತ್ತಿಗೆ ವ್ಯಾಪಾರಸ್ಥರು ಕೊಟ್ಟಿದ್ದ ಹೆಸರು 'ಕುಮಟಾ ಹತ್ತಿ'. ಕುಮಟೆಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಅಂಡಿಗೆಗಳು ಘಟ್ಟವನ್ನಿಳಿದು ಆ ಬಂದರಿನಿಂದ ಹಡಗನ್ನೇರುತ್ತಿದ್ದವು, ಅಷ್ಟೆ. ೧೮೪೦ರ ದಶಕದಲ್ಲಿ ಅಮೆರಿಕದ ಬೀಜವನ್ನು ತಂದು ಈ ಭಾಗದಲ್ಲಿ ಬಿತ್ತಿಸಿದಾಗ, ಇಲ್ಲಿಯ ಹವೆಗೆ ಒಗ್ಗಿದ ಆ ಹತ್ತಿಗೆ 'ಧಾರವಾಡ-ಅಮೆರಿಕನ್' ಎಂದು ಹೆಸರಾಯಿತು. ಅದರಿಂದ ಆಯ್ದು ತೆಗೆದ ತಳಿ 'ಗದಗ-೧'. ಗದಗ-೧ರ ಸಂಕರದಿಂದ 'ಲಕ್ಷ್ಮಿ' ಹುಟ್ಟಿತು. ಲಕ್ಷ್ಮಿಯನ್ನು ತಾಯಿಯನ್ನಾಗಿಟ್ಟುಕೊಂಡು ಡಾ. ಬಿ. ಎಚ್. ಕಟರ್ಕಿಯವರು ಧಾರವಾಡದಲ್ಲಿ ರೂಪಿಸಿ, ೧೯೭೨ರಲ್ಲಿ ರೈತರ ಕೈಗೆ ಬಂದ ಸಂಕರ ಹತ್ತಿಯೇ 'ವರಲಕ್ಷ್ಮಿ'. ಈ ಹೆಸರುಗಳ ಸಾಲನ್ನು ಗಮನಿಸಿರಿ. ಒಂದು ಹೆಸರು ಬಂದರನ್ನು ಹೇಳುತ್ತದೆ, ಒಂದು ಮೂಲವನ್ನು ಹೇಳುತ್ತದೆ, ಒಂದು ಆಯ್ದ ಸ್ಥಳವನ್ನು ಹೇಳುತ್ತದೆ, ಮತ್ತೊಂದು ತಾಯಿಯ ಹೆಸರನ್ನೇ ಒಡಲಲ್ಲಿಟ್ಟುಕೊಂಡಿದೆ. ಹೆಸರಿನಿಂದ ಏನು ತಿಳಿಯಬೇಕು ಎಂಬುದು ಹೆಸರಿಟ್ಟವರ ಉದ್ದೇಶವನ್ನು ಅವಲಂಬಿಸಿದೆ ಎಂಬ ಮೊದಲ ಪಾಠವನ್ನು ನಮ್ಮ ಹೊಲವೇ ಕಲಿಸುತ್ತದೆ.

ಅಮೆರಿಕ ಮೂಲದ ಹತ್ತಿಯೊಡನೆ ಒಂದು ರೋಗದ ಚಿಂತೆಯೂ ನಮ್ಮ ರೈತರ ಪಾಲಿಗೆ ಬಂದಿತು. ಎಲೆಯ ಮೇಲೆ ಮೊದಲು ನೀರಿನಲ್ಲಿ ನೆನೆದಂತಹ ಸಣ್ಣ ಚುಕ್ಕೆಗಳು ಮೂಡುತ್ತವೆ. ನರಗಳ ನಡುವೆ ಸಿಕ್ಕಿಕೊಂಡು ಅವು ಮೂಲೆಮೂಲೆಯಾಗಿ ಕಾಣುತ್ತವೆ. ಮುಂದೆ ರೋಗ ಟೊಂಗೆಗಳಿಗೆ ಏರಿ ಅವು ಕಪ್ಪಾಗುತ್ತವೆ. ಆಗ ಅದಕ್ಕೆ 'ಕಪ್ಪು ತೋಳು' ಎಂದು ಹೆಸರು. ಕಾಯಿಗೆ ತಗುಲಿದರೆ ಕಾಯಿಯೂ ಕೊಳೆತು ಅರಳೆ ಕೆಡುತ್ತದೆ. ಕೃಷಿ ಇಲಾಖೆಯ ಕರಪತ್ರಗಳಲ್ಲಿ ಇದರ ಹೆಸರು 'ದುಂಡಾಣು ಅಂಗಮಾರಿ'. ನಮ್ಮ ಹಳೆಯ ದೇಶಿ ಹತ್ತಿಗಳು ಈ ರೋಗವನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಅಮೆರಿಕ ಹತ್ತಿಗಳಿಗೆ ಇದು ಸುಲಭವಾಗಿ ತಗುಲುತ್ತದೆ. ಉದ್ದನೆಯ ಎಳೆಯ ಈಜಿಪ್ಟ್ ಬಗೆಯ ಹತ್ತಿಗಳು ಇನ್ನೂ ಬೇಗನೆ ತುತ್ತಾಗುತ್ತವೆ. ಬಿತ್ತನೆ ಬೀಜದ ಮೇಲೆ ಅಂಟಿಕೊಂಡ ಎಳೆಯಲ್ಲಿಯೂ ರೋಗಾಣು ಅಡಗಿರುತ್ತದೆ. ಬೀಜವನ್ನು ಗಂಧಕಾಮ್ಲದಿಂದ ತೊಳೆದು ಎಳೆ ತೆಗೆಯುವ ಪದ್ಧತಿಗೆ ಇದೂ ಒಂದು ಕಾರಣ.

ಈ ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾಕ್ಕೆ ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಬಂದ ಹೆಸರುಗಳ ಕಥೆ ಬಹಳ ಬೋಧಪ್ರದವಾಗಿದೆ. ೧೯೦೧ರಲ್ಲಿ ಅಮೆರಿಕದ ಎರ್ವಿನ್ ಸ್ಮಿತ್ ಎಂಬ ವಿಜ್ಞಾನಿ ಇದಕ್ಕೆ 'ಮಾಲ್ವೇಸಿಯಾರಮ್' ಎಂಬ ಪ್ರಭೇದನಾಮವನ್ನು ಕೊಟ್ಟರು. ಹತ್ತಿ, ಬೆಂಡೆ, ದಾಸವಾಳಗಳ ಸಸ್ಯಕುಟುಂಬವಾದ ಮಾಲ್ವೇಸಿಯ ಹೆಸರಿನಿಂದ ಬಂದ ಪದವದು. ೧೯೧೫ರಲ್ಲಿ ಕ್ಲಾರಾ ಹ್ಯಾಸ್ಸೆ ಎಂಬ ಮಹಿಳಾ ವಿಜ್ಞಾನಿ ನಿಂಬೆ ಜಾತಿಯ ಗಿಡಗಳಿಗೆ ಬರುವ ಕಜ್ಜಿ ರೋಗದ ಬ್ಯಾಕ್ಟೀರಿಯಾವನ್ನು ಗುರುತಿಸಿ 'ಸಿಟ್ರಿ' ಎಂದು ಕರೆದರು. ೧೯೩೯ರಲ್ಲಿ ಡೌಸನ್ ಎಂಬವರು ಹಳದಿ ಬಣ್ಣದ ಇಂತಹ ಸಸ್ಯರೋಗಾಣುಗಳನ್ನೆಲ್ಲ 'ಕ್ಸಾಂಥೊಮೊನಾಸ್' ಎಂಬ ಒಂದೇ ಜಾತಿಯೊಳಗೆ ತಂದರು. ಗ್ರೀಕ್ ಭಾಷೆಯಲ್ಲಿ ಕ್ಸಾಂಥೋಸ್ ಎಂದರೆ ಹಳದಿ. ಮುಂದೆ ೧೯೫೨ರಲ್ಲಿ ದಿಲ್ಲಿಯಲ್ಲಿ ದಾಳಿಂಬೆಯ ಎಲೆಯ ಮೇಲೆ ಇಂತಹುದೇ ರೋಗ ಕಂಡಿತು. ೧೯೫೯ರಲ್ಲಿ ಹಿಂಗೋರಾಣಿ ಮತ್ತು ಸಿಂಗ್ ಎಂಬವರು ಅದರ ಬ್ಯಾಕ್ಟೀರಿಯಾಕ್ಕೆ 'ಪ್ಯೂನಿಕೇ' ಎಂದು ಹೆಸರಿಟ್ಟರು. ನಮ್ಮ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ದಿನಗಳಲ್ಲಿ ಪುಣೆಯ ಎಂ. ಕೆ. ಪಟೇಲರೂ ಅವರ ಸಂಗಡಿಗರೂ ಈ ಜಾತಿಯ ಅನೇಕ ಬ್ಯಾಕ್ಟೀರಿಯಾಗಳನ್ನು ವರ್ಣಿಸಿದರು. ಅಂದಿನ ಪದ್ಧತಿ ಸರಳವಾಗಿತ್ತು: ಹೊಸ ಗಿಡದ ಮೇಲೆ ರೋಗ ಕಂಡರೆ ಅದಕ್ಕೆ ಹೊಸ ಪ್ರಭೇದನಾಮ. ಹೀಗೆ ಈ ಒಂದೇ ಜಾತಿಯಲ್ಲಿ ನೂರಕ್ಕೂ ಮಿಕ್ಕಿ ಹೆಸರುಗಳು ಸೇರಿದವು.

ಹೆಸರುಗಳು ಹೆಚ್ಚಿದಂತೆ ತೊಡಕೂ ಹೆಚ್ಚಿತು. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಬೆಳೆಸಿದಾಗ ಹತ್ತಿಯ ರೋಗಾಣು ಯಾವುದು, ನಿಂಬೆಯದು ಯಾವುದು, ದಾಳಿಂಬೆಯದು ಯಾವುದು ಎಂದು ಹೇಳುವುದು ಸಾಧ್ಯವಾಗುತ್ತಿರಲಿಲ್ಲ. ಎಲ್ಲವೂ ಹಳದಿ, ಎಲ್ಲವೂ ಕಡ್ಡಿಯಾಕಾರ, ಎಲ್ಲಕ್ಕೂ ಒಂದು ತುದಿಯಲ್ಲಿ ಒಂದೇ ಬಾಲ. ಗಿಡಕ್ಕೆ ಚುಚ್ಚಿ ನೋಡಿದರೆ ಮಾತ್ರ ಭೇದ ತಿಳಿಯುತ್ತಿತ್ತು. ಆದ್ದರಿಂದ ೧೯೭೪ರಲ್ಲಿ ಪ್ರಕಟವಾದ ಬರ್ಗಿಯ ಕೈಪಿಡಿಯ ಎಂಟನೆಯ ಆವೃತ್ತಿಯಲ್ಲಿ ಈ ಜಾತಿಯನ್ನು ಕೇವಲ ಐದು ಪ್ರಭೇದಗಳಿಗೆ ಇಳಿಸಲಾಯಿತು. ಹತ್ತಿ, ನಿಂಬೆ, ದಾಳಿಂಬೆಗಳ ರೋಗಾಣುಗಳೆಲ್ಲ 'ಕ್ಯಾಂಪೆಸ್ಟ್ರಿಸ್' ಎಂಬ ಒಂದೇ ಪ್ರಭೇದದ ಹೊಟ್ಟೆಯೊಳಗೆ ಹೋದವು. ಅನಂತರ ೧೯೮೦ರ ಜನವರಿ ೧ರಂದು ಬ್ಯಾಕ್ಟೀರಿಯಾಶಾಸ್ತ್ರದ ಇತಿಹಾಸದಲ್ಲಿಯೇ ದೊಡ್ಡದಾದ ಒಂದು ಶುದ್ಧೀಕರಣ ನಡೆಯಿತು. ಹಿಂದಿನ ಸಾವಿರಾರು ಹೆಸರುಗಳಲ್ಲಿ ಆಧಾರವುಳ್ಳವನ್ನು ಮಾತ್ರ ಆರಿಸಿ, ಎರಡೂವರೆ ಸಾವಿರದೊಳಗಣ 'ಅಂಗೀಕೃತ ನಾಮಾವಳಿ'ಯನ್ನು ಸ್ಕರ್ಮನ್, ಮೆಕ್‌ಗೋವನ್ ಮತ್ತು ಸ್ನೀತ್ ಪ್ರಕಟಿಸಿದರು. ಆ ಪಟ್ಟಿಯಲ್ಲಿಲ್ಲದ ಹಳೆಯ ಹೆಸರಿಗೆ ಅಂದಿನಿಂದ ಮಾನ್ಯತೆಯಿಲ್ಲ.

ಇದರಿಂದ ಸಸ್ಯರೋಗತಜ್ಞರಿಗೆ ಇಕ್ಕಟ್ಟು ಒದಗಿತು. ಹತ್ತಿಯನ್ನು ಕೆಡಿಸುವುದಕ್ಕೂ ನಿಂಬೆಯನ್ನು ಕೆಡಿಸುವುದಕ್ಕೂ ಒಂದೇ ಹೆಸರಾದರೆ, ಬೀಜ ತಪಾಸಣೆ ಮಾಡುವ ಅಧಿಕಾರಿ ಕಾಗದದ ಮೇಲೆ ಏನೆಂದು ಬರೆಯಬೇಕು? ಈ ತೊಡಕಿನ ಪರಿಹಾರಕ್ಕಾಗಿ ಅಂತಾರಾಷ್ಟ್ರೀಯ ಸಸ್ಯರೋಗಶಾಸ್ತ್ರ ಸಂಘದವರು ೧೯೮೦ರಲ್ಲಿ 'ಪೆಥೋವಾರ್' ಎಂಬ ಪದವಿಯನ್ನು ನಿಯಮಬದ್ಧಗೊಳಿಸಿದರು. ಇದನ್ನು ಕನ್ನಡದಲ್ಲಿ 'ರೋಗಬಗೆ' ಎನ್ನಬಹುದು. ಪ್ರಭೇದದ ಹೆಸರಿನ ಮುಂದೆ, ಆ ಬ್ಯಾಕ್ಟೀರಿಯಾ ಯಾವ ಗಿಡದಲ್ಲಿ ಯಾವ ರೋಗವನ್ನುಂಟುಮಾಡುತ್ತದೆ ಎಂಬುದನ್ನು ಸೂಚಿಸುವ ಇನ್ನೊಂದು ಪದವನ್ನು ಸೇರಿಸುವುದು ಇದರ ಕ್ರಮ. ನಾಮಕರಣದ ಮೂಲ ಸಂಹಿತೆಗೆ ಸಂಬಂಧಪಟ್ಟಂತೆ ಉಪಪ್ರಭೇದವೇ ಕೊನೆಯ ಮೆಟ್ಟಿಲು. ರೋಗಬಗೆಯು ಅದರ ಹೊರಗೆ ನಿಂತ ವ್ಯವಸ್ಥೆ. ಹೀಗಿದ್ದರೂ ಹತ್ತಿಯ 'ಮಾಲ್ವೇಸಿಯಾರಮ್' ಎಂಬ ಹಳೆಯ ಹೆಸರು ಅಳಿಯದೆ ಉಳಿದದ್ದು ಈ ಹೊರಗಿನ ಜಗುಲಿಯ ಮೇಲೆಯೇ.

ಅಷ್ಟರಲ್ಲಿ ವಂಶವಾಹಕ ದ್ರವ್ಯವಾದ ಡಿಎನ್ಎಯನ್ನು ಒಂದಕ್ಕೊಂದು ಹೋಲಿಸುವ ವಿಧಾನಗಳು ಬಂದವು. ಎರಡು ಬ್ಯಾಕ್ಟೀರಿಯಾಗಳ ಡಿಎನ್ಎ ಶೇಕಡಾ ೭೦ ಅಥವಾ ಅದಕ್ಕಿಂತ ಹೆಚ್ಚು ಹೊಂದಿಕೊಂಡರೆ ಅವು ಒಂದೇ ಪ್ರಭೇದ ಎಂಬ ಅಳತೆಯನ್ನು ೧೯೮೭ರಲ್ಲಿ ತಜ್ಞರ ಸಮಿತಿಯೊಂದು ಮುಂದಿಟ್ಟಿತು. ಅದನ್ನು ಅನುಸರಿಸಿ ೧೯೯೫ರಲ್ಲಿ ವೋಟೆರಿನ್ ಮತ್ತು ಸಂಗಡಿಗರು ಕ್ಸಾಂಥೊಮೊನಾಸ್ ಜಾತಿಯನ್ನು ೨೦ ಪ್ರಭೇದಗಳಾಗಿ ಮರುವಿಂಗಡಿಸಿದರು. ಮುಂದೆ ಶಾಡ್ ಮತ್ತು ಸಂಗಡಿಗರು ೨೦೦೫-೦೬ರಲ್ಲಿ ನಡೆಸಿದ ಪರಿಷ್ಕರಣದಲ್ಲಿ ನಿಂಬೆಯ ಕಜ್ಜಿಯ ಬ್ಯಾಕ್ಟೀರಿಯಾಕ್ಕೆ 'ಕ್ಸಾಂಥೊಮೊನಾಸ್ ಸಿಟ್ರಿ ಉಪಪ್ರಭೇದ ಸಿಟ್ರಿ' ಎಂದೂ, ಹತ್ತಿಯ ಅಂಗಮಾರಿಯ ಬ್ಯಾಕ್ಟೀರಿಯಾಕ್ಕೆ 'ಕ್ಸಾಂಥೊಮೊನಾಸ್ ಸಿಟ್ರಿ ಉಪಪ್ರಭೇದ ಮಾಲ್ವೇಸಿಯಾರಮ್' ಎಂದೂ ಹೆಸರಾಯಿತು. ೨೦೧೬ರಲ್ಲಿ ದಾಳಿಂಬೆಯ ರೋಗಾಣುವೂ ಇದೇ ಸಿಟ್ರಿ ಪ್ರಭೇದದೊಳಗೆ ಒಂದು ರೋಗಬಗೆಯಾಗಿ ಬಂದು ಸೇರಿತು. ಬಾಗಲಕೋಟೆ, ವಿಜಯಪುರ, ಕೊಪ್ಪಳ ಜಿಲ್ಲೆಗಳ ದಾಳಿಂಬೆ ತೋಟಗಳನ್ನು ಕಾಡಿದ ಅಂಗಮಾರಿ, ನಿಂಬೆಯ ಕಜ್ಜಿ, ನಮ್ಮ ಹತ್ತಿಯ ಕಪ್ಪು ತೋಳು ಈ ಮೂರೂ ಒಂದೇ ಮನೆತನದ ಮಕ್ಕಳು ಎಂಬುದು ಹೀಗೆ ಸ್ಥಿರಪಟ್ಟಿತು.

ಇಲ್ಲಿ ಒಂದು ಸ್ವಾರಸ್ಯವುಂಟು. ಹತ್ತಿಯ ಹೆಸರು ೧೯೦೧ರದು, ನಿಂಬೆಯ ಹೆಸರು ೧೯೧೫ರದು. ಆದರೂ ಪ್ರಭೇದದ ಹೆಸರಾಗಿ ನಿಂತದ್ದು ಕಿರಿಯದಾದ ಸಿಟ್ರಿ. ೧೯೮೦ರ ನಾಮಾವಳಿಯಲ್ಲಿ ಇವೆರಡೂ ಪ್ರಭೇದಗಳಾಗಿ ಇರಲಿಲ್ಲ. ಆಮೇಲೆ ೧೯೮೯ರಲ್ಲಿ ಮೊದಲು ಪುನರುಜ್ಜೀವನಗೊಂಡದ್ದು ಸಿಟ್ರಿ. ಹೊಸ ಲೆಕ್ಕದಲ್ಲಿ ಹಿರಿತನ ಅದಕ್ಕೆ ಸಂದಿತು. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಪ್ರಭೇದಕ್ಕೆ ಅಳತೆಗೋಲು ಇರುವಂತೆ ಉಪಪ್ರಭೇದಕ್ಕೆ ಎಲ್ಲರೂ ಒಪ್ಪಿದ ಸಂಖ್ಯೆಯ ಗೆರೆಯಿಲ್ಲ. ಆದ್ದರಿಂದಲೇ ಹತ್ತಿಯ ರೋಗಾಣುವನ್ನು ಕೆಲವರು ಉಪಪ್ರಭೇದವೆಂದೂ ಕೆಲವರು ರೋಗಬಗೆಯೆಂದೂ ಇಂದಿಗೂ ಬರೆಯುತ್ತಾರೆ. ತೀರ ಹತ್ತಿರದ ಬಂಧುಗಳ ನಡುವೆ ಎಲ್ಲಿ ಬದು ಹಾಕಬೇಕೆಂಬುದು ಕೊನೆಗೆ ವಿವೇಚನೆಗೆ ಬಿಟ್ಟ ಮಾತು.

ಈ ವಿವೇಚನೆ ತಪ್ಪಿದರೆ ಆಗುವ ಅನರ್ಥಕ್ಕೆ ಅಮೆರಿಕದ ಫ್ಲಾರಿಡಾ ರಾಜ್ಯದ ಉದಾಹರಣೆಯೊಂದು ಸಾಕು. ೧೯೮೪ರ ಆಗಸ್ಟ್ ತಿಂಗಳಲ್ಲಿ ಅಲ್ಲಿಯ ಕಿತ್ತಳೆ ಜಾತಿಯ ಸಸಿಮಡಿಯೊಂದರಲ್ಲಿ ಎಲೆಚುಕ್ಕೆಗಳು ಕಂಡವು. ಅದರ ಬ್ಯಾಕ್ಟೀರಿಯಾ ನಿಂಬೆ ಕುಟುಂಬದ ಗಿಡಕ್ಕೆ ರೋಗ ತರುವಂತಹುದು. ಅಂದಿನ ಕ್ರಮದಂತೆ ಅದನ್ನೂ 'ಸಿಟ್ರಿ' ರೋಗಬಗೆಯೊಳಗಣ ಒಂದು ರೂಪವೆಂದು ಎಣಿಸಲಾಯಿತು. ಸಿಟ್ರಿ ಎಂದೊಡನೆ ಕಜ್ಜಿ ರೋಗದ ನಿರ್ಮೂಲನ ಕಾನೂನು ಅದಕ್ಕೆ ಅನ್ವಯಿಸಿತು. ಮುಂದಿನ ವರ್ಷಗಳಲ್ಲಿ ಸುಮಾರು ೨ ಕೋಟಿ ಸಸಿಗಳನ್ನೂ ಎಳೆಯ ಗಿಡಗಳನ್ನೂ ನಾಶಮಾಡಲಾಯಿತು. ಆಮೇಲೆ ಡಿಎನ್ಎ ಪರೀಕ್ಷೆಗಳು ನಡೆದಾಗ ಅದು ಕಜ್ಜಿಯ ರೋಗಾಣುವೇ ಅಲ್ಲ, ಹೆಚ್ಚಾಗಿ ಸಸಿಮಡಿಗಳಿಗೆ ಸೀಮಿತವಾದ, ಅಷ್ಟೊಂದು ಉಗ್ರವಲ್ಲದ ಬೇರೊಂದು ಬ್ಯಾಕ್ಟೀರಿಯಾ ಎಂದು ಗೊತ್ತಾಯಿತು. ಅದಕ್ಕೆ ಬೇರೆ ಹೆಸರೂ ಬಂದಿತು. ಆದರೆ ಸುಟ್ಟ ಸಸಿಗಳು ಮರಳಿ ಬರಲಿಲ್ಲ.

ಈ ಎರಡು ಪ್ರಸಂಗಗಳನ್ನು ಜೊತೆಗಿಟ್ಟು ನೋಡಿದರೆ ನಮ್ಮ ಅಭಿಪ್ರಾಯದ ತಿರುಳು ಸ್ಪಷ್ಟವಾಗುತ್ತದೆ. ವಂಶವೊಂದನ್ನೇ ನೋಡಿ ಹೆಸರಿಟ್ಟರೆ ಹತ್ತಿಯನ್ನು ಕೆಡಿಸುವುದೂ ನಿಂಬೆಯನ್ನು ಕೆಡಿಸುವುದೂ 'ಸಿಟ್ರಿ' ಎಂಬ ಒಂದೇ ಪದದಲ್ಲಿ ಮುಚ್ಚಿಹೋಗುತ್ತವೆ. ಹತ್ತಿಯ ಹೊಲದ ಬದುವಿನಲ್ಲಿ ನಿಂಬೆಗಿಡವಿಟ್ಟ ರೈತ ಕಾರಣವಿಲ್ಲದೆ ಅಂಜಬೇಕಾಗುತ್ತದೆ. ಹತ್ತಿಯ ರೋಗಾಣು ನಿಂಬೆಗೆ ಕಜ್ಜಿಯನ್ನು ತರುವುದಿಲ್ಲ. ಕೆಲಸವೊಂದನ್ನೇ ನೋಡಿ ಹೆಸರಿಟ್ಟರೆ, ಒಂದೇ ಗಿಡದ ಮೇಲೆ ಕಂಡ ಎರಡು ಬೇರೆ ವಂಶಗಳು ಒಂದೇ ಎಂದೆನಿಸಿ ಫ್ಲಾರಿಡಾದ ಅನಾಹುತ ಒದಗುತ್ತದೆ. ಆದ್ದರಿಂದ ಎರಡೂ ಬೇಕು. ಪ್ರಭೇದ, ಉಪಪ್ರಭೇದಗಳ ಹೆಸರು ವಂಶವನ್ನು ಹೇಳಲಿ. ರೋಗಬಗೆಯ ಹೆಸರು ಕೆಲಸವನ್ನು ಹೇಳಲಿ. ಒಂದನ್ನು ಇನ್ನೊಂದರ ಜಾಗದಲ್ಲಿ ಕೂರಿಸದಿರಲಿ.

ಕೆಲಸದ ಹೆಸರು ಶಾಸ್ತ್ರೀಯವಲ್ಲವೆಂದು ಹಗುರವಾಗಿ ಕಾಣುವ ವಿದ್ವಾಂಸರುಂಟು. ಶರಣರ ನಾಡಿನವರಾದ ನಮಗೆ ಈ ತಾತ್ಸಾರ ಒಪ್ಪಿಗೆಯಾಗದು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ ಎಂದು ಕಾಯಕವನ್ನೇ ಹೆಸರಿನ ಮುಂದಿಟ್ಟು ಗೌರವಿಸಿದ ಪರಂಪರೆ ನಮ್ಮದು. ಸೂಕ್ಷ್ಮಜೀವಿಗೂ ಶರಣರಿಗೂ ಹೋಲಿಕೆಯಿಲ್ಲ. ಆದರೆ ಮಾಡುವ ಕೆಲಸದಿಂದ ಗುರುತಿಸುವುದು ಹುಟ್ಟಿನಿಂದ ಗುರುತಿಸುವುದಕ್ಕಿಂತ ಕೀಳಾದ ತಿಳಿವಳಿಕೆಯಲ್ಲ ಎಂಬ ಮಾತು ಎರಡೆಡೆಗೂ ಸಲ್ಲುತ್ತದೆ.

ಹೆಸರುಗಳು ಹೀಗೆ ಪದೇ ಪದೇ ಬದಲಾಗುವುದರಿಂದ ಕಲಿಸುವವರಿಗೂ ಕಲಿಯುವವರಿಗೂ ಬೇಸರವೆಂಬ ಆಕ್ಷೇಪವನ್ನು ಶಿಕ್ಷಕ ಬಂಧುಗಳಿಂದ ನಾವು ಕೇಳಿದ್ದೇವೆ. ಆಕ್ಷೇಪದಲ್ಲಿ ಸತ್ಯಾಂಶವಿದೆ. ನಿನ್ನೆ ಬಾಯಿಪಾಠ ಮಾಡಿಸಿದ ಹೆಸರು ಇಂದು ತಪ್ಪಾದರೆ ಮಗುವಿಗೆ ಯಾವ ಉತ್ತರ ಕೊಡಬೇಕು? ಕೊಡಬೇಕಾದ ಉತ್ತರ ಇದು: ಹೆಸರು ಎಂಬುದು ಒಂದು ತೀರ್ಪು, ತೀರ್ಪಿಗೆ ಸಾಕ್ಷ್ಯವೂ ತಾರೀಖೂ ಇರುತ್ತವೆ, ಹೊಸ ಸಾಕ್ಷ್ಯ ಬಂದರೆ ತೀರ್ಪು ತಿದ್ದಲ್ಪಡುತ್ತದೆ. ತಿದ್ದುವ ಅಧಿಕಾರ ಮನಸ್ಸಿಗೆ ಬಂದವರಿಗೆಲ್ಲ ಇಲ್ಲ. ಹೊಸ ಹೆಸರನ್ನು ಸೂಚಿಸುವವರು ಮಾದರಿ ತಳಿಯನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇರಿಸಿ, ಬೇರೆಯವರು ಪರೀಕ್ಷಿಸಲು ಅನುವು ಮಾಡಿಕೊಡಬೇಕು. ನಮ್ಮ ದೇಶದಲ್ಲಿ ಚಂಡೀಗಡದಲ್ಲಿ ೧೯೮೬ರಿಂದ ಅಂತಹ ಸಂಗ್ರಹವೊಂದಿದೆ. ಹೀಗೆ ತಿಳಿಸಿ ಹೇಳಿದರೆ ಹೆಸರಿನ ಬದಲಾವಣೆ ವಿಜ್ಞಾನದ ದೋಷವಾಗಿ ತೋರದೆ, ಅದರ ಪ್ರಾಮಾಣಿಕತೆಯಾಗಿ ತೋರುತ್ತದೆ.

ಇನ್ನು ನಮ್ಮ ಭಾಷೆಯ ಮಾತು. ಬ್ಯಾಕ್ಟೀರಿಯಾಕ್ಕೆ ಕನ್ನಡದಲ್ಲಿ 'ದುಂಡಾಣು' ಎಂಬ ಪದ ರೂಢಿಗೆ ಬಂದಿದೆ. ಹತ್ತಿಯ ದುಂಡಾಣು ದುಂಡಗಿಲ್ಲ, ಕಡ್ಡಿಯಂತಿದೆ ಎಂಬುದನ್ನು ಮೇಲೆ ಕಂಡೆವು. ರೂಢಿಗೆ ಬಂದ ಪದವನ್ನು ಕಿತ್ತೆಸೆಯುವ ಅಗತ್ಯವಿಲ್ಲ. ಹೆಚ್ಚು ತೊಂದರೆ ಕೊಡುವುದು 'ಅಂಗಮಾರಿ' ಎಂಬ ಪದ. ಗೋವಿನಜೋಳದ ಎಲೆ ಅಂಗಮಾರಿಗೆ ಕಾರಣ ಶಿಲೀಂಧ್ರ. ಹತ್ತಿಯ, ದಾಳಿಂಬೆಯ ಅಂಗಮಾರಿಗೆ ಕಾರಣ ಬ್ಯಾಕ್ಟೀರಿಯಾ. ಹೆಸರು ಒಂದೇ ಆದ್ದರಿಂದ ಔಷಧವೂ ಒಂದೇ ಇರಬೇಕೆಂದು ರೈತ ನಂಬಿದರೆ ಅದು ಆತನ ತಪ್ಪಲ್ಲ. ಶಿಲೀಂಧ್ರವನ್ನಷ್ಟೇ ಕೊಲ್ಲುವ ಔಷಧವನ್ನು ಬ್ಯಾಕ್ಟೀರಿಯಾದ ಮೇಲೆ ಸಿಂಪಡಿಸಿದರೆ ಹಣ ಹೋಗುತ್ತದೆ, ರೋಗ ಉಳಿಯುತ್ತದೆ. ಬ್ಯಾಕ್ಟೀರಿಯಾಕ್ಕಾಗಿ ಇರುವ ಪ್ರತಿಜೀವಕವನ್ನು ಶಿಲೀಂಧ್ರದ ಮೇಲೆ ಚೆಲ್ಲಿದರೆ ಹಣವೂ ಹೋಗುತ್ತದೆ, ಆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೂ ಬೆಳೆಯುತ್ತವೆ. ಆದ್ದರಿಂದ ಕನ್ನಡದಲ್ಲಿ ರೋಗದ ಹೆಸರು ಬರೆಯುವವರು ಬೆಳೆಯ ಹೆಸರು, ರೋಗಕಾರಕದ ಬಗೆ, ರೋಗದ ಲಕ್ಷಣ ಈ ಮೂರನ್ನೂ ಒಂದೆಡೆ ಹೇಳಬೇಕೆಂದು ನಮ್ಮ ಸೂಚನೆ. 'ಹತ್ತಿಯ ದುಂಡಾಣು ಅಂಗಮಾರಿ' ಎಂದು ಪೂರ್ತಿಯಾಗಿ ಬರೆಯಲಿ. ಬರಿಯ 'ಅಂಗಮಾರಿ' ಎಂದು ಮೊಟಕುಗೊಳಿಸದಿರಲಿ.

ಈ ಭೇದವನ್ನು ಶಾಲೆಯ ಮಕ್ಕಳು ಕಣ್ಣಾರೆ ಕಾಣಬಹುದು ಎಂಬುದು ಸಂತೋಷದ ಸಂಗತಿ. ಹತ್ತಿಯ ಎಲೆಯ ಮೇಲೆ ಶಿಲೀಂಧ್ರದಿಂದಾಗುವ ಚುಕ್ಕೆ ದುಂಡಗಿದ್ದು ಉಂಗುರದೊಳಗೆ ಉಂಗುರ ಬರೆದಂತೆ ಕಾಣುತ್ತದೆ. ಬ್ಯಾಕ್ಟೀರಿಯಾದ ಚುಕ್ಕೆ ಮೂಲೆಮೂಲೆಯಾಗಿರುತ್ತದೆ. ಸಂಶಯ ಬಂದರೆ, ಹೊಸದಾಗಿ ಮೂಡಿದ ಚುಕ್ಕೆಯ ಅಂಚನ್ನು ಹರಿತವಾದ ಅಲಗಿನಿಂದ ಸಣ್ಣಗೆ ಕತ್ತರಿಸಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿಟ್ಟು, ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೂರುಪಟ್ಟು ಹಿಗ್ಗಿಸಿ ನೋಡಿದರೆ ಸಾಕು. ಬ್ಯಾಕ್ಟೀರಿಯಾವಾದರೆ ಕತ್ತರಿಸಿದ ಅಂಚಿನಿಂದ ಹೊಗೆ ಹೊರಟಂತೆ ಮಂದವಾದ ಧಾರೆಯೊಂದು ನೀರಿಗೆ ಹರಿದುಬರುತ್ತದೆ. ಶಿಲೀಂಧ್ರವಾದರೆ ಆ ಧಾರೆ ಇರುವುದಿಲ್ಲ. ಉಪಪ್ರಭೇದವನ್ನು ಗುರುತಿಸಲು ದೊಡ್ಡ ಪ್ರಯೋಗಶಾಲೆ ಬೇಕು; ಈ ಮೊದಲ ಮೆಟ್ಟಿಲನ್ನು ಏರಲು ಪ್ರೌಢಶಾಲೆಯ ಒಂದು ಮೇಜು ಸಾಕು.

ಈ ಮಾತನ್ನು ಶಿಕ್ಷಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಸಮನಾಗಿ ಅರಿಕೆಮಾಡುತ್ತೇವೆ. ಶಿಕ್ಷಕರು ಹೆಸರುಗಳನ್ನು ಪಟ್ಟಿಯಾಗಿ ಒಪ್ಪಿಸದೆ, ಯಾರು ಯಾವಾಗ ಯಾವ ಆಧಾರದಿಂದ ಇಟ್ಟರು ಎಂಬುದನ್ನೂ ಹೇಳಿಕೊಡಲಿ. ಒಕ್ಕಲುತನದಲ್ಲಿರುವ ಹಳೆಯ ವಿದ್ಯಾರ್ಥಿಗಳು ಹೊಲದಲ್ಲಿ ರೋಗ ಬಿದ್ದ ಎಲೆಯನ್ನು ಅಂಗಡಿಗೆ ಒಯ್ಯುವ ಮುನ್ನ ಶಾಲೆಯ ಮೇಜಿಗೆ ತರಲಿ. ಕಲ್ಲಿನ ಮೇಲೆ ಹೆಸರು ಕೆತ್ತಿಸಿ ಕೋಣೆ ಕಟ್ಟಿಸಿಕೊಟ್ಟ ದಾನಿಗಳ ಔದಾರ್ಯ ದೊಡ್ಡದು. ಆ ಕೋಣೆಯೊಳಗೆ ಒಂದೆರಡು ಒಳ್ಳೆಯ ಸೂಕ್ಷ್ಮದರ್ಶಕಗಳು ಬಂದು ಕುಳಿತರೆ ಅದು ಸಾರ್ಥಕವಾಗುತ್ತದೆ. ಎರೆಹೊಲದಿಂದ ಬಂದ ಮಗುವೊಂದು ಆ ಮಸೂರದಲ್ಲಿ ಕಣ್ಣಿಟ್ಟು ನೋಡಿ, 'ಇದು ಬೂಷ್ಟಲ್ಲ, ದುಂಡಾಣು' ಎಂದು ತನ್ನ ತಂದೆಗೆ ಹೇಳಬಲ್ಲದಾದರೆ ಆ ವರ್ಷ ಒಂದು ಮನೆಯ ಔಷಧದ ಖರ್ಚು ಉಳಿಯುತ್ತದೆ. ವಿಜ್ಞಾನದ ಹೆಸರಿನಿಂದ ಶಾಲೆಯೊಂದು ಊರಿಗೆ ಸಲ್ಲಿಸಬಹುದಾದ ಸೇವೆ ಅಲ್ಲಿಂದಲೇ ಆರಂಭವಾಗಲಿ.